ಮೈಕ್ರೋಪ್ಲಾಸ್ಟಿಕ್: ಕಾವೇರಿ ಮೀನು ಹೇಳ್ತಿರೋದು ಕಾನೂನಿಗೆ ಕೇಳಿಸ್ತಿಲ್ಲ

ಕೆಆರ್‌ಎಸ್ ಹಿನ್ನೀರಿಗೆ ಹೋದರೆ ದಡದಲ್ಲಿ ಮೀನು ಫ್ರೈ ತಿನ್ನದೆ ನಾನು ವಾಪಸ್ ಬಂದವನಲ್ಲ. ಬೆಂಗಳೂರಿನ ಐಐಎಸ್‌ಸಿ ಪ್ರಾಧ್ಯಾಪಕ ಉಪೇಂದ್ರ ನೋಂಗ್‌ಥೊಂಬ ಅವರಿಗೂ ಇದೇ ಅಭ್ಯಾಸವಂತೆ. ಅಲ್ಲಿನ ಕೆಲವು ಮೀನುಗಳ ಮೈ ಅಂಕುಡೊಂಕಾಗಿರೋದನ್ನು ಗಮನಿಸಿ, ನೀರಲ್ಲೇ ಏನೋ ಇದೆ ಎಂಬ ಅನುಮಾನದಿಂದ ಅವರ ತಂಡ ಅಧ್ಯಯನಕ್ಕಿಳಿಯಿತು. ಫಲಿತಾಂಶ 2022ರಲ್ಲಿ ಬಂತು.

ಏನು ಸಿಕ್ತು?

ನೀರು ರಭಸವಾಗಿ ಹರಿಯುವ, ನಿಧಾನವಾಗಿ ಹರಿಯುವ ಮತ್ತು ನಿಂತಿರುವ ಮೂರು ಕಡೆ ಮಾದರಿ ತೆಗೆದರು. ಮಾಮೂಲಿ ಪರೀಕ್ಷೆಯಲ್ಲಿ ಕರಗಿದ ಆಮ್ಲಜನಕ ಕಡಿಮೆ ಇದ್ದದ್ದು ಬಿಟ್ಟರೆ ಉಳಿದ ಅಂಶಗಳು ಮಿತಿಯೊಳಗೇ ಇದ್ದವು. ಆದರೆ ನಿಧಾನವಾಗಿ ಹರಿಯುವ ಮತ್ತು ನಿಂತ ನೀರಲ್ಲಿಟ್ಟ ಜೀಬ್ರಾಫಿಶ್ ಭ್ರೂಣಗಳಲ್ಲಿ ಮೂಳೆಯ ವಿಕಾರ, ಡಿಎನ್‌ಎ ಹಾನಿ, ಹೃದಯದ ತೊಂದರೆ ಕಂಡವು. ಸಾವೂ ಹೆಚ್ಚಿತ್ತು. ಆ ನೀರಲ್ಲಿ ಮೈಕ್ರೋಪ್ಲಾಸ್ಟಿಕ್ ಜೊತೆಗೆ ಸೈಕ್ಲೋಹೆಕ್ಸಿಲ್ ಗುಂಪಿನ ವಿಷಕಾರಿ ರಾಸಾಯನಿಕವೂ ಪತ್ತೆಯಾಯಿತು. ಹಾಗಾಗಿ ಎಲ್ಲವನ್ನೂ ಪ್ಲಾಸ್ಟಿಕ್ ತಲೆಗೇ ಕಟ್ಟೋಕಾಗಲ್ಲ. ಆದರೆ ಮಾಮೂಲಿ ಪರೀಕ್ಷೆ ಸಾಲದು ಅನ್ನೋದಂತೂ ಸ್ಪಷ್ಟ.

ನದಿಗೆ ಎಲ್ಲಿಂದ ಬರುತ್ತೆ?

5 ಮಿಲಿಮೀಟರ್‌ಗಿಂತ ಚಿಕ್ಕ ಪ್ಲಾಸ್ಟಿಕ್ ಚೂರೇ ಮೈಕ್ರೋಪ್ಲಾಸ್ಟಿಕ್. ಬಿಸಿಲಿಗೆ ಪುಡಿಯಾದ ಕವರ್, ಬಾಟಲಿ, ಹಳೇ ನೈಲಾನ್ ಬಲೆ, ರಸ್ತೆಯಲ್ಲಿ ಸವೆಯುವ ಟಯರ್, ಪಾಲಿಯೆಸ್ಟರ್ ಬಟ್ಟೆ ಒಗೆದಾಗ ಉದುರುವ ಎಳೆ ಎಲ್ಲವೂ ಮೋರಿ ಸೇರುತ್ತವೆ. ಕೊಳಚೆ ನೀರು ಶುದ್ಧೀಕರಣ ಘಟಕ ಇದರಲ್ಲಿ ಬಹುಪಾಲನ್ನು ತಡೆಯುತ್ತೆ ನಿಜ, ಆದರೆ ತಡೆದದ್ದು ಕೆಸರಲ್ಲಿ ಉಳಿಯುತ್ತೆ. ಆ ಕೆಸರು ಗೊಬ್ಬರವಾಗಿ ಹೊಲಕ್ಕೆ ಹೋದರೆ ಮಳೆಯಲ್ಲಿ ಕೊಚ್ಚಿ ಮತ್ತೆ ನದಿಗೇ ಬರಬಹುದು.

ಹಾಗಾದ್ರೆ ಮೀನು ತಿನ್ನೋದು ಬಿಡಬೇಕಾ?

ಬೇಡ. ಮೀನು ನುಂಗಿದ ಚೂರುಗಳು ಹೆಚ್ಚಾಗಿ ಕರುಳಲ್ಲಿರುತ್ತವೆ, ಸೋಸುವಾಗ ಅದನ್ನು ತೆಗೆದೇ ತೆಗೀತೀವಿ. ಇಡಿಯಾಗಿ ತಿನ್ನುವ ಸಣ್ಣ ಮೀನಲ್ಲಿ ಮಾತ್ರ ಕರುಳೂ ಹೊಟ್ಟೆಗೆ ಹೋಗುತ್ತೆ. ‘ಮೀನು ತಿನ್ನಬೇಡಿ’ ಅಂದರೆ ಪೆಟ್ಟು ಬೀಳೋದು ಮೀನುಗಾರರಿಗೆ. ನದಿಗೆ ಕೊಳಚೆ ಬಿಟ್ಟವರು ಆರಾಮಾಗಿರ್ತಾರೆ.

ಕಾನೂನು ಎಲ್ಲಿದೆ?

ಕರ್ನಾಟಕ 2016ರಲ್ಲೇ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. ಕೇಂದ್ರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ವಸ್ತುಗಳನ್ನು ನಿಲ್ಲಿಸಿತು. 2024ರ ತಿದ್ದುಪಡಿ ಮೈಕ್ರೋಪ್ಲಾಸ್ಟಿಕ್‌ಗೆ 1ರಿಂದ 1000 ಮೈಕ್ರಾನ್ ಎಂಬ ವ್ಯಾಖ್ಯೆ ಕೊಟ್ಟಿತು. ಅದೇ ವರ್ಷ ಎಫ್‌ಎಸ್‌ಎಸ್‌ಎಐ, ಆಹಾರದಲ್ಲಿ ಇದನ್ನು ಅಳೆಯುವ ವಿಧಾನ ರೂಪಿಸೋ ಯೋಜನೆ ಶುರುಮಾಡಿತು. ಆದರೆ ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಮೈಕ್ರೋಪ್ಲಾಸ್ಟಿಕ್‌ಗೆ ಮಿತಿಯೇ ಇಲ್ಲ.

ಮಿತಿ ಇಲ್ಲದ ಕಡೆ ಉಲ್ಲಂಘನೆ ಇಲ್ಲ, ಉಲ್ಲಂಘನೆ ಇಲ್ಲದ ಕಡೆ ಹೊಣೆಗಾರರೂ ಇಲ್ಲ. ಕಾವೇರಿಯಲ್ಲಿ ಎಷ್ಟು ಟಿಎಂಸಿ ನೀರು ನಮ್ಮದು ಅಂತ ದಶಕಗಳಿಂದ ಹೋರಾಡ್ತಿದ್ದೀವಿ. ಆ ನೀರಲ್ಲಿ ಏನಿದೆ ಅಂತಲೂ ಈಗ ಕೇಳಬೇಕಿದೆ.