ಆಟದ ಗೈಡಿಗೆ ಎಂಟುನೂರು ರೂಪಾಯಿ

ಭೋರ್ ಪೇಟೆಯ ಪುಸ್ತಕದಂಗಡಿಯಲ್ಲಿ ಗೈಡ್ ಕೇಳಿದರೆ ‘ಯಾವ ಕ್ಲಾಸು?’ ಎನ್ನುತ್ತಾರೆ. ಇಲ್ಲಿ ಗೈಡ್ ಅಂದರೆ ನವನೀತ್, ಹತ್ತನೇ ಕ್ಲಾಸಿನ ಗಣಿತ. ವಿಡಿಯೋ ಗೇಮಿಗೂ ಗೈಡ್ ಅಚ್ಚಾಗುತ್ತದೆ ಅಂದರೆ ನಗುತ್ತಾರೆ. ಆದರೆ ನನ್ನ ಜೊತೆ ಇದ್ದು ಡಿಪ್ಲೊಮಾ ಓದುತ್ತಿರುವ ಅಣ್ಣನ ಮಗನಿಗೆ ಅಂಥದೊಂದು ಬೇಕಾಗಿದೆ. ಪುಣೆಯಲ್ಲಿ ಒಬ್ಬರ ಹತ್ತಿರ ಹಳೆಯ ಪ್ರತಿ ಇದೆಯಂತೆ. ‘ಕಾಕಾ, ಎಂಟುನೂರು ಕೇಳ್ಯಾರ. ತಗೊಳ್ಳಲೇನು?’ ಎಂದ. ವಿಜಯಪುರದಿಂದ ಅವನಪ್ಪ ಕಳಿಸುವ ಕೈಖರ್ಚು ತಿಂಗಳಿಗೆ ಸುಮಾರು ಅಷ್ಟೇ. ಹಾಗಾಗಿ ಹೂಂ, ಉಹೂಂ ಎಂದು ಮುಗಿಸುವ ಬದಲು ಈ ಗೈಡುಗಳ ಚರಿತ್ರೆಯನ್ನೇ ಸ್ವಲ್ಪ ಕೆದಕಿದೆ.

ನಾವಿರುವ ಜಾಗಕ್ಕೆ ಹತ್ತಿರದಲ್ಲೇ ಒಂದು ಹಳೆಯ ಉದಾಹರಣೆ ಸಿಕ್ಕಿತು. ಭೋರ್ ಆಗ ಪಂತ ಸಚಿವರ ಸಂಸ್ಥಾನ, ಪುಣೆಯಲ್ಲಿ ಎರಡನೇ ಬಾಜೀರಾಯ ಪೇಶ್ವೆ. ಆ ಕಾಲದಲ್ಲಿ, 1814ರಲ್ಲಿ, ತ್ರಿವೇಂಗಡಾಚಾರ್ಯ ಶಾಸ್ತ್ರಿಗಳ ಚದುರಂಗದ ಪುಸ್ತಕ ಸಂಸ್ಕೃತದಿಂದ ಇಂಗ್ಲಿಷಿಗೆ ಬಂದು ಮುಂಬೈಯಲ್ಲಿ ಅಚ್ಚಾಯಿತು. ಅದರ ತುಂಬ ಆಟದ ಬಿಕ್ಕಟ್ಟಿನ ಸ್ಥಿತಿಗಳು: ಕಾಯಿಗಳು ಹೀಗೆ ನಿಂತಿವೆ, ಇಲ್ಲಿಂದ ಗೆಲ್ಲುವುದು ಹೇಗೆ? ಇಂದಿನ ಗೇಮ್ ಗೈಡ್ ಮಾಡುವ ಕೆಲಸವೂ ಇದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಹೆಸರು. ‘ಯುರೋಪಿನ ಆಟದ ಕ್ರಮಕ್ಕೆ ಹೊಂದಿಸಿದ್ದು’ ಎಂದು ಮುಖಪುಟದಲ್ಲೇ ಹೇಳಿಕೊಂಡಿದೆ. ಯಾಕೆಂದರೆ ನಮ್ಮ ಕಡೆ ಹೆಚ್ಚಾಗಿ ಪದಾತಿ ಮೊದಲ ನಡೆಯಲ್ಲೂ ಒಂದೇ ಮನೆ ಸರಿಯುತ್ತಿತ್ತು, ರಾಜ ಒಂದು ಸಲ ಮಾತ್ರ ಕುದುರೆಯ ಹಾಗೆ ಹಾರಬಹುದಿತ್ತು. ಓದುವವರ ನಿಯಮ ಬೇರೆಯಾದ ಕೂಡಲೇ ಗೈಡನ್ನೂ ತಿದ್ದಬೇಕಾಯಿತು. ಈಗಿನವರು ಇದನ್ನು ಅಪ್‌ಡೇಟ್ ಅನ್ನುತ್ತಾರೆ.

ಇದೇ ಹೊತ್ತಿನ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಇದೇ ಹುಚ್ಚು. ಅವರ ‘ಶ್ರೀತತ್ತ್ವನಿಧಿ’ಯ ಕೊನೆಯ ಭಾಗ ಕೌತುಕನಿಧಿ ಪೂರ್ತಿ ಆಟಗಳಿಗೇ ಮೀಸಲು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ದಾರಿಗಳನ್ನು ಅವರು ಹುಡುಕುತ್ತ ಕೂತಿದ್ದರು. ರಾಜ್ಯ 1831ರಲ್ಲೇ ಕಂಪನಿಯ ಕೈಗೆ ಹೋಗಿತ್ತು, ಬಿಡುವು ಬೇಕಾದಷ್ಟಿತ್ತು. ಪದಾತಿ, ರಾಜರ ನಡೆಗಳು ಬದಲಾದರೂ ಕುದುರೆಯ ನಡೆ ಬದಲಾಗಲಿಲ್ಲ. ಆ ದಾರಿಗಳನ್ನು ಇವತ್ತು ಹಲಗೆ ಹಾಕಿಕೊಂಡು ನೋಡಿದರೂ ಸರಿಯಾಗಿಯೇ ಬರುತ್ತವೆ.

ಇದರ ತದ್ವಿರುದ್ಧ ಕಥೆ ಪ್ಯಾಕ್‌ಮ್ಯಾನ್‌ನದು. 1980ರ ದಶಕದ ಶುರುವಿನಲ್ಲಿ ಅಮೆರಿಕದ ಇಸ್ಪೀಟು ಜೂಜುಗಾರ ಕೆನ್ ಅಸ್ಟನ್ ಆ ಆಟ ಗೆಲ್ಲುವುದು ಹೇಗೆಂದು ಪುಸ್ತಕ ಬರೆದ, ಭರ್ಜರಿ ಮಾರಾಟವಾಯಿತು. ನಾವು ಒಂದೇ ರೀತಿ ಆಡಿದರೆ ಅದರ ಭೂತಗಳೂ ಪ್ರತಿ ಸಲ ಒಂದೇ ರೀತಿ ಓಡುತ್ತವೆ, ಆದ್ದರಿಂದ ದಾರಿಯ ನಕ್ಷೆ ಬಾಯಿಪಾಠ ಮಾಡಿದರೆ ಸಾಕಿತ್ತು. ಮುಂದೆ ಮಿಸ್ ಪ್ಯಾಕ್‌ಮ್ಯಾನ್ ಬಂತು. ಅದರ ಭೂತಗಳು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗುತ್ತಿದ್ದವು. ಬಾಯಿಪಾಠ ಕೈಕೊಟ್ಟಿತು.

ಜಪಾನಿನಲ್ಲಿ 1985ರಲ್ಲಿ ಅತಿ ಹೆಚ್ಚು ಮಾರಾಟವಾದ ಪುಸ್ತಕ ಯಾವುದೋ ಕಾದಂಬರಿಯಲ್ಲ, ಸೂಪರ್ ಮಾರಿಯೋ ಆಟದ ಗೈಡು. ನಮ್ಮ ಕಡೆಗೆ ಆ ಕಾಗದವೆಲ್ಲ ಬರಲೇ ಇಲ್ಲ. ‘ಸಮುರಾಯ್’, ‘ಮೀಡಿಯಾ’ ಡಬ್ಬಿಗಳಲ್ಲಿ ಆಡಿದ ನಮ್ಮ ತಲೆಮಾರಿಗೆ ಕಾಂಟ್ರಾದಲ್ಲಿ 30 ಜೀವ ಸಿಗುವ ಗುಟ್ಟು, ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ, ಬಾಯಿಂದ ಬಾಯಿಗೇ ಬಂದದ್ದು. ಯಾರು ಯಾರಿಗೆ ಮೊದಲು ಹೇಳಿದರೋ! ನಿಮ್ಮಲ್ಲಿ ಹಲವರ ಬೆರಳಿಗೆ ಅದು ಇನ್ನೂ ನೆನಪಿದ್ದೀತು.

ಈಗ ಹುಡುಗ ಕೇಳಿದ ಪುಸ್ತಕ. ಅದು ‘ಫೈನಲ್ ಫ್ಯಾಂಟಸಿ’ ಒಂಬತ್ತನೆಯ ಆಟಕ್ಕೆ ಬ್ರೇಡಿಗೇಮ್ಸ್ 2000ದಲ್ಲಿ ತಂದ ಗೈಡು. ಅವನ ಹಳೇ ಪ್ಲೇಸ್ಟೇಷನ್ನಿಗೆ ಇಂಟರ್ನೆಟ್ ಬೇಕಿಲ್ಲ, ಆ ಡಿಸ್ಕಿನ ಆಟ ಇನ್ನು ಬದಲಾಗುವುದೂ ಇಲ್ಲ. ವರಂಧ ಘಾಟಿನ ಕಡೆಯಿಂದ ಮಳೆ ಹಿಡಿದರೆ ನಮ್ಮ ಮನೆಯಲ್ಲಿ ನೆಟ್ಟು ದಿನಗಟ್ಟಲೆ ಇರುವುದಿಲ್ಲ. ಹೀಗಾಗಿ ಅಚ್ಚಿನ ಗೈಡಿಗೆ ಇಂಥ ಮನೆಯೇ ಸರಿ ಎಂದುಕೊಂಡೆ. ಆದರೆ ಈ ಪುಸ್ತಕದ ಹಣೆಬರಹ ಬೇರೆ. ಮುಖ್ಯವಾದ ಕಡೆಗಳಲ್ಲೆಲ್ಲ ಉತ್ತರ ಕೊಡದೆ, ‘ಪ್ಲೇಆನ್‌ಲೈನ್ ತಾಣಕ್ಕೆ ಹೋಗಿ ಈ ಪದ ಒತ್ತಿ’ ಎನ್ನುತ್ತದೆ. ಕೊಂಡವರು ಆಗಲೇ ಬೈದಿದ್ದರು. ಈಗ ಆ ಪುಟಗಳೂ ಇಲ್ಲ. ಬೇಡ ಎಂದೆ. ಅವನ ಮುಖ ಸಣ್ಣದಾಯಿತು, ನಿಜ. ಆದರೂ ಅರ್ಧ ಉತ್ತರಕ್ಕೆ ಪೂರ್ತಿ ತಿಂಗಳ ದುಡ್ಡು ದುಬಾರಿಯೇ.

ಬ್ರೇಡಿಗೇಮ್ಸ್ 2015ರಲ್ಲಿ ಪ್ರಿಮಾದೊಳಗೆ ಸೇರಿಹೋಯಿತು. ಪ್ರಿಮಾ ಕೂಡ ಬಾಗಿಲು ಹಾಕುವ ಸುದ್ದಿಯನ್ನು 2018ರಲ್ಲಿ ಪ್ರಕಟಿಸಿತು. ಆದ್ದರಿಂದ ನಮ್ಮಂಥವರಿಗೆ ಸಿಗುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್. ವಾರಕ್ಕೊಮ್ಮೆ ನಿಯಮ ತಿದ್ದುವ ಆನ್‌ಲೈನ್ ಆಟದ ಗೈಡಾದರೆ ಬಿಟ್ಟಿ ಕೊಟ್ಟರೂ ನಾನು ತರುವುದಿಲ್ಲ. ಡಿಸ್ಕಿನ ಹಳೆಯ ಆಟದ್ದಾದರೆ, ಊರು, ಗುಹೆಗಳ ನಕ್ಷೆಗಳು ಪೂರ್ತಿ ಇದ್ದರೆ, ಮುನ್ನೂರರವರೆಗೆ ಕೊಡಬಹುದು. ಕೊಡುವ ಮೊದಲು ಹಿಂದಿನ ರಟ್ಟು ತೆಗೆದು ನೋಡಿ. ಮಡಿಚಿಟ್ಟ ದೊಡ್ಡ ನಕ್ಷೆಯನ್ನು ಹರಿದು ಗೋಡೆಗೆ ಅಂಟಿಸಿಕೊಂಡವರೇ ಜಾಸ್ತಿ.