ಹೊಸ ಸ್ವಿಫ್ಟ್ ಜೊತೆ ಮೂರು ತಿಂಗಳು: ಆರು ಏರ್‌ಬ್ಯಾಗ್ ಬಂತು, ಹಿಂದೆ ಕೂತವರ ಬೆಲ್ಟ್ ಯಾರು ಕೇಳ್ತಾರೆ?

ನಮ್ಮ ಮನೆಗೆ ಸ್ವಿಫ್ಟ್ ಬಂದು ಮೂರು ತಿಂಗಳಾಯ್ತು. ನಮ್ಮ ಕುಟುಂಬದ ಮೊದಲ ಕಾರು ಇದು. ಅಲ್ಲಿಯವರೆಗೆ ನಮಗಿದ್ದದ್ದು ಒಂದು ಬೈಕ್. ಟ್ಯಾಂಕ್ ಮೇಲೆ ನಾನು, ಅಪ್ಪನ ಬೆನ್ನಿಗೆ ಅಕ್ಕ, ಕೊನೆಗೆ ಅಮ್ಮ. ಜಾತ್ರೆ, ಮದುವೆ, ಆಸ್ಪತ್ರೆ ಎಲ್ಲವೂ ಅದರಲ್ಲೇ. ಈಗ ನಾನು ಬೆಂಗಳೂರಲ್ಲಿ, ಮನೆಯವರು ತಿಪಟೂರಲ್ಲಿ. ಕಾರು ಸುಮಾರು 140 ಕಿಲೋಮೀಟರ್ ದೂರದ ಈ ಎರಡು ಊರುಗಳ ನಡುವೆ ಓಡಾಡ್ತಿದೆ.

ಕಾರು ತಗೊಂಡ ಮೇಲೆ ಸಿಕ್ಕವರೆಲ್ಲ ಕೇಳಿದ್ದು ಎರಡೇ ಪ್ರಶ್ನೆ. ‘ಆನ್‌ರೋಡ್ ಎಷ್ಟಾಯ್ತು?’ ‘ಮೈಲೇಜ್ ಎಷ್ಟು ಬರುತ್ತೆ?’ ನಾನೂ ಇದೇ ಕಾರು ಇಟ್ಟುಕೊಂಡಿರೋ ಒಂದಿಷ್ಟು ಜನರನ್ನ ಮಾತಾಡಿಸಿದೆ: ಆಫೀಸಿನ ಇಬ್ಬರು ಸಹೋದ್ಯೋಗಿಗಳು, ಹಾಸನದಲ್ಲಿರೋ ಭಾವ, ಕಲಬುರಗಿಯ ಗೆಳತಿ. ಮಾತು ಶುರುವಾಗಿದ್ದು ಮೈಲೇಜಿಂದ. ಆದರೆ ನನ್ನ ತಲೆಯಲ್ಲಿ ಉಳಿದಿರೋದು ಹಿಂದಿನ ಸೀಟಿನ ವಿಷಯ. ಕಾರು ಕೊಳ್ಳೋ ಯೋಚನೆಯಲ್ಲಿರೋರಿಗೆ ಅನುಕೂಲ ಆಗಲಿ ಅಂತ ಎಲ್ಲವನ್ನೂ ಒಂದೊಂದಾಗಿ ಬರೀತಿದ್ದೇನೆ.

ಏನು ಬದಲಾಗಿದೆ?

ಸ್ವಿಫ್ಟ್ ಭಾರತಕ್ಕೆ ಬಂದಿದ್ದು 2005ರಲ್ಲಿ. ಈಗಿರೋದು ನಾಲ್ಕನೇ ತಲೆಮಾರು. 2024ರ ಮೇ 9ರಂದು ಮಾರುಕಟ್ಟೆಗೆ ಬಂತು. ಹಳೇ 1.2 ಲೀಟರ್ ಪೆಟ್ರೋಲ್ ಎಂಜಿನ್‌ಗೆ ನಾಲ್ಕು ಸಿಲಿಂಡರ್ ಇತ್ತು, ಹೊಸದಕ್ಕೆ ಮೂರು. ಶಕ್ತಿ ಸುಮಾರು 90 ಪಿಎಸ್‌ನಿಂದ 82ರ ಹತ್ತಿರಕ್ಕೆ ಇಳಿದಿದೆ. ಟಾರ್ಕ್ 113ರಿಂದ 111.7 ನ್ಯೂಟನ್ ಮೀಟರ್‌ಗೆ ಬಂದಿದೆ, ಅಂದ್ರೆ ಹೆಚ್ಚು ಕಮ್ಮಿ ಅಷ್ಟೇ. ಕಂಪನಿ ಹೇಳೋ ಮೈಲೇಜ್ ಮ್ಯಾನ್ಯುಯಲ್‌ನಲ್ಲಿ 22.38ರಿಂದ 24.8 ಕಿಲೋಮೀಟರ್‌ಗೆ ಏರಿದೆ.

ದೊಡ್ಡ ಬದಲಾವಣೆ ಸುರಕ್ಷತೆಯಲ್ಲಿ ಆಗಿದೆ. ಆರು ಏರ್‌ಬ್ಯಾಗ್, ಜಾರುವ ರಸ್ತೆಯಲ್ಲಿ ಕಾರು ಹಿಡಿತ ತಪ್ಪದಂತೆ ನೋಡಿಕೊಳ್ಳೋ ಇಎಸ್‌ಸಿ, ಐದೂ ಸೀಟಿಗೆ ಮೂರು ಪಾಯಿಂಟ್ ಬೆಲ್ಟ್, ಇವು ಅತಿ ಕಡಿಮೆ ಬೆಲೆಯ ಎಲ್‌ಎಕ್ಸ್‌ಐನಿಂದಲೇ ಸಿಗುತ್ತವೆ. ಆ ವೇರಿಯಂಟ್‌ನಲ್ಲಿ ಟಚ್‌ಸ್ಕ್ರೀನ್ ಇಲ್ಲ. ಸ್ಕ್ರೀನ್ ಬೇಕಂದ್ರೆ ಜಾಸ್ತಿ ಕೊಡಿ, ಜೀವಕ್ಕೆ ಬೇಕಾದ್ದು ಎಲ್ಲರಿಗೂ ಒಂದೇ. ಸಣ್ಣ ಕಾರುಗಳಲ್ಲಿ ಬಹಳ ಕಾಲ ಇದು ತಿರುಗುಮುರುಗಾಗಿತ್ತು.

ಮೊದಲ ವಾರ: ನಡುಕ

ಸಿಗ್ನಲ್‌ನಲ್ಲಿ ನಿಂತಾಗ ಸ್ಟೇರಿಂಗ್ ಮತ್ತು ಸೀಟಿನಲ್ಲಿ ಸಣ್ಣ ನಡುಕ ಗೊತ್ತಾಗುತ್ತೆ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಪ್ರತಿ 180 ಡಿಗ್ರಿ ತಿರುಗಿದಾಗ ಒಂದು ಸಿಲಿಂಡರ್ ಉರಿಯುತ್ತೆ; ಮೂರರಲ್ಲಿ 240 ಡಿಗ್ರಿಗೊಮ್ಮೆ. ನಡುವಿನ ಅಂತರ ಹೆಚ್ಚು, ಜೊತೆಗೆ ಎಂಜಿನ್‌ನ ಎರಡು ತುದಿಗಳು ಏತದ ಹಾಗೆ ತೂಗಾಡಲು ನೋಡುತ್ತವೆ. ಇದು ಮೂರು ಸಿಲಿಂಡರ್ ಎಂಜಿನ್‌ಗಳ ಸಹಜ ಗುಣ. ಬದಲಿಗೆ ಒಳಗಿನ ತಿಕ್ಕಾಟ ಕಡಿಮೆ, ಇಂಧನದ ಖರ್ಚು ಕಡಿಮೆ.

ಭಾವನ ಹತ್ತಿರ ಮೊದಲು ಡೀಸೆಲ್ ಸ್ವಿಫ್ಟ್ ಇತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಡೀಸೆಲ್ ಎಂಜಿನ್ ನಿಂತೇ ಹೋಯ್ತು. ‘ಅದರ ಎಳೆತ ಇದಕ್ಕಿಲ್ಲ ಕಣೋ, ಶಿರಾಡಿ ಘಾಟ್ ಹತ್ತುವಾಗ ಗೇರ್ ಇಳಿಸಲೇಬೇಕು’ ಅಂದ್ರು. ಎಎಂಟಿ ತಗೊಂಡಿರೋ ಗೆಳತಿಗೆ ಎಳೆತದ ಚಿಂತೆಯೇ ಇಲ್ಲ. ‘ಸೂಪರ್ ಮಾರ್ಕೆಟ್ ಸರ್ಕಲ್‌ನಾಗ ಎಡಗಾಲಿಗೆ ರಜಾ ಸಿಕ್ಕದ’ ಅನ್ನೋದು ಅವಳ ಖುಷಿ. ಒಂದೇ ಕಾರು, ಯಾರ ದಾರಿ ಯಾವುದು ಅನ್ನೋದರ ಮೇಲೆ ಅಭಿಪ್ರಾಯ. ಅದಕ್ಕೇ ಟೆಸ್ಟ್ ಡ್ರೈವ್‌ನ ಶೋರೂಂ ಸುತ್ತಲಿನ ನುಣ್ಣನೆ ರಸ್ತೆಯಲ್ಲೇ ಮುಗಿಸಬೇಡಿ. ಮನೆಯವರನ್ನೂ ಕೂರಿಸಿಕೊಂಡು ನಿಮ್ಮ ದಿನನಿತ್ಯದ ದಾರಿಯಲ್ಲಿ ಓಡಿಸಿ.

ಅಪ್ಪನ ಪರೀಕ್ಷೆ ಬೇರೆ ಥರ. ಡಿಕ್ಕಿ ತೆಗೆದು, ‘ಇದ್ರಲ್ಲಿ ಒಂದು ಚೀಲ ಕಾಯಿ ಹಿಡಿಯುತ್ತಾ?’ ಅಂದ್ರು. 265 ಲೀಟರ್ ಜಾಗ. ಒಂದು ಚೀಲ ತೆಂಗಿನಕಾಯಿ, ಪಕ್ಕಕ್ಕೊಂದು ಬ್ಯಾಗ್ ಹಿಡಿಯಿತು. ಎರಡನೇ ಚೀಲ ಹಿಂದಿನ ಸೀಟಿಗೆ ಬಂತು.

ಮೊದಲ ತಿಂಗಳು: ಮೈಲೇಜ್ ಲೆಕ್ಕ

ಡ್ಯಾಶ್‌ಬೋರ್ಡ್ ತೋರಿಸೋ ಸಂಖ್ಯೆಯನ್ನ ನಂಬಿ ಕೂರಬೇಡಿ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ, ಹಾಕಿದ ಲೀಟರ್‌ನಿಂದ ಕಿಲೋಮೀಟರ್ ಭಾಗಿಸಿ. ನನಗೆ ತಿಪಟೂರು ದಾರಿಯಲ್ಲಿ ಲೀಟರ್‌ಗೆ 21ರ ಆಸುಪಾಸು, ಬೆಂಗಳೂರಿನೊಳಗೆ 14ರಿಂದ 15 ಸಿಕ್ತಿದೆ. ಸಹೋದ್ಯೋಗಿಗಳದ್ದೂ ಹೆಚ್ಚು ಕಮ್ಮಿ ಇದೇ. 24.8 ಅನ್ನೋದು ಪ್ರಯೋಗಾಲಯದಲ್ಲಿ, ರೋಲರ್ ಮೇಲೆ, ನಿಗದಿತ ವೇಗದಲ್ಲಿ ಓಡಿಸಿ ಅಳೆದ ಸಂಖ್ಯೆ. ಎರಡು ಕಾರುಗಳನ್ನ ಹೋಲಿಸೋಕೆ ಅದು ಉಪಯೋಗಕ್ಕೆ ಬರುತ್ತೆ, ಸಿಲ್ಕ್ ಬೋರ್ಡ್ ಸಿಗ್ನಲ್‌ಗೆ ಅಲ್ಲ.

ಇನ್ನೊಂದು ಕಾರಣ ಪೆಟ್ರೋಲ್‌ನೊಳಗೇ ಇದೆ. ಈಗ ಬಂಕಿನಲ್ಲಿ ಸಿಗೋದು ಇ20, ಅಂದ್ರೆ 20% ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ. ಐದನೇ ಒಂದು ಪಾಲು ಎಥನಾಲ್ ಆದಾಗ ಲೀಟರಿನ ಒಟ್ಟು ಶಕ್ತಿ 6-7% ಇಳಿಯುತ್ತೆ. ಇ20ಗೆ ಹೊಂದಿಸಿದ ಹೊಸ ಎಂಜಿನ್‌ಗಳಲ್ಲಿ ಮೈಲೇಜ್ ನಷ್ಟ 1-2%, ಹಳೇ ಕಾರುಗಳಲ್ಲಿ 6-7% ಅಂತ 2021ರ ನೀತಿ ಆಯೋಗದ ವರದಿಯೇ ಅಂದಾಜಿಸಿತ್ತು. ಆದರೆ ಲೀಟರಿನ ಬೆಲೆ ಆ ಪ್ರಮಾಣದಲ್ಲಿ ಇಳಿದಿಲ್ಲ. ಹೊಸ ಕಾರು ಕೊಂಡವನಿಗಿಂತ, ಹತ್ತು ವರ್ಷದ ಹಳೇ ಕಾರಲ್ಲಿ ಬಾಡಿಗೆ ಹೊಡೆಯೋನಿಗೆ ಈ ಹೊರೆ ಜಾಸ್ತಿ.

ಬೆಲೆ: 4 ಮೀಟರ್‌ನ ಕಥೆ

ನನ್ನ ಕಾರಿನ ಉದ್ದ 3,860 ಮಿಲಿಮೀಟರ್, ಎಂಜಿನ್ 1,197 ಸಿಸಿ. ಈ ಸಂಖ್ಯೆಗಳು ಸುಮ್ಮನೆ ಬಂದದ್ದಲ್ಲ. 2006ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಪಿ. ಚಿದಂಬರಂ, 4 ಮೀಟರ್ ಒಳಗಿನ, ಪೆಟ್ರೋಲ್ ಆದ್ರೆ 1,200 ಸಿಸಿ ಮೀರದ ಕಾರುಗಳ ಅಬಕಾರಿ ಸುಂಕವನ್ನ 24%ನಿಂದ 16%ಗೆ ಇಳಿಸಿದರು. ಅಲ್ಲಿಂದ ಕಾರುಗಳ ಆಕಾರವನ್ನೇ ತೆರಿಗೆ ಕತ್ತರಿಸತೊಡಗಿತು. ಇದೇ ಸ್ವಿಫ್ಟ್‌ನ ಅಣ್ಣತಮ್ಮ ಡಿಸೈರ್ 2008ರಲ್ಲಿ 4 ಮೀಟರ್ ಮೀರಿತ್ತು. 2012ರಲ್ಲಿ ಡಿಕ್ಕಿ ಮೊಟಕಾಗಿ 3,995 ಮಿಲಿಮೀಟರ್ ಆಯ್ತು.

ಅದೇ ಗೆರೆ ಜಿಎಸ್‌ಟಿಯಲ್ಲೂ ಮುಂದುವರಿದಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆ 28% ಮತ್ತು 1% ಸೆಸ್‌ನಿಂದ 18%ಗೆ ಇಳಿಯಿತು. 129 ರೂಪಾಯಿ ಆಗುತ್ತಿದ್ದದ್ದು 118 ಆದ ಲೆಕ್ಕ, ಅಂದ್ರೆ ಸುಮಾರು 8.5% ಇಳಿಕೆ. ಆದರೆ ಕರ್ನಾಟಕದಲ್ಲಿ ಆನ್‌ರೋಡ್ ಬೆಲೆ ನೋಡಿದಾಗ ಉತ್ಸಾಹ ಸ್ವಲ್ಪ ಇಳಿಯುತ್ತೆ. ಇಲ್ಲಿ 5ರಿಂದ 10 ಲಕ್ಷದ ಕಾರಿಗೆ ಜೀವಾವಧಿ ತೆರಿಗೆ 14%, ಅದರ ಮೇಲೆ ಸೆಸ್. 6 ಲಕ್ಷದ ಕಾರಿಗೆ ತೆರಿಗೆಯೇ 84 ಸಾವಿರ. ಇನ್ನೊಂದು ಕಡೆ, ಕೋಟಿ ಬೆಲೆಯ ಎಲೆಕ್ಟ್ರಿಕ್ ಕಾರಿಗೂ ಜಿಎಸ್‌ಟಿ 5% ಮಾತ್ರ. ಯಾರಿಗೆ ರಿಯಾಯಿತಿ, ಯಾಕೆ ಅಂತ ನಾವು ಕೇಳಲೇಬೇಕು.

ಒಂದು ಸಲಹೆ: ಬಿಲ್‌ನ ಪ್ರತಿ ಸಾಲನ್ನೂ ಬಿಡಿಸಿ ಕೇಳಿ. ವಿಮೆಯನ್ನ ಶೋರೂಂನಲ್ಲೇ ತಗೋಬೇಕು ಅನ್ನೋ ನಿಯಮ ಇಲ್ಲ. ಹೊರಗೆ ವಿಚಾರಿಸಿ, ಹೋಲಿಸಿ.

ಆರು ಏರ್‌ಬ್ಯಾಗ್ ಹೇಗೆ ಬಂತು?

2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಭಾರತದ ಸ್ವಿಫ್ಟ್‌ನ ಏರ್‌ಬ್ಯಾಗ್ ಇಲ್ಲದ ಮಾದರಿಗೆ ಸಿಕ್ಕಿದ್ದು ಸೊನ್ನೆ ಸ್ಟಾರ್. ಚಾಲಕನಿಗೆ ಒಂದು ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2019ರ ಜುಲೈನಲ್ಲಿ. ಪಕ್ಕದ ಸೀಟಿಗೆ ಹೊಸ ಮಾದರಿಗಳಲ್ಲಿ 2021ರ ಏಪ್ರಿಲ್‌ನಿಂದ. 2022ರ ಜನವರಿಯಲ್ಲಿ ಆರು ಏರ್‌ಬ್ಯಾಗ್ ಕಡ್ಡಾಯ ಮಾಡೋ ಕರಡು ಬಂತು. ಸಣ್ಣ ಕಾರುಗಳ ಬೆಲೆ ಏರುತ್ತೆ, ಬೈಕ್‌ನಿಂದ ಕಾರಿಗೆ ಬರೋರು ಹಿಂದೆ ಸರಿಯುತ್ತಾರೆ ಅನ್ನೋ ವಾದವನ್ನ ಮಾರುತಿ ಸುಜುಕಿ ಅಧ್ಯಕ್ಷ ಆರ್.ಸಿ. ಭಾರ್ಗವ ಮುಂದಿಟ್ಟರು. ನಿಯಮ ಒಂದು ವರ್ಷ ಮುಂದಕ್ಕೆ ಹೋಯ್ತು. 2023ರ ಸೆಪ್ಟೆಂಬರ್‌ನಲ್ಲಿ ಕಡ್ಡಾಯ ಮಾಡಲ್ಲ ಅಂತ ಸಚಿವ ನಿತಿನ್ ಗಡ್ಕರಿ ಹೇಳಿಬಿಟ್ಟರು. ಅದಾಗಿ ಎಂಟೇ ತಿಂಗಳಲ್ಲಿ ಇದೇ ಕಂಪನಿಯ ಸ್ವಿಫ್ಟ್‌ನ ಎಲ್ಲಾ ಮಾದರಿಗಳಲ್ಲಿ ಆರು ಏರ್‌ಬ್ಯಾಗ್ ಇತ್ತು. 2025ರಲ್ಲಿ ಆಲ್ಟೊ ಕೆ10ಗೂ ಬಂತು.

ಬೈಕ್‌ನವರ ವಾದ ಪೂರ್ತಿ ಪೊಳ್ಳಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಸುಮಾರು 44.5% ದ್ವಿಚಕ್ರ ವಾಹನದವರು. ನಾಲ್ಕು ಜನ ಬೈಕ್‌ನಲ್ಲಿ ಹೋಗೋದಕ್ಕಿಂತ ಯಾವ ಕಾರಾದರೂ ವಾಸಿ. ಆದರೆ ಆ ವಾದವನ್ನ ಬಡವರಿಗೆ ಅಗ್ಗದ ಸುರಕ್ಷತೆ ಸಾಕು ಅನ್ನೋ ತನಕ ಎಳೆದಿದ್ದು ತಪ್ಪು.

ಸ್ಟಾರ್ ಬಗ್ಗೆಯೂ ಎಚ್ಚರ ಇರಲಿ. ಹೊಸ ಡಿಸೈರ್‌ಗೆ 2024ರ ನವೆಂಬರ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ದೊಡ್ಡವರ ಸುರಕ್ಷತೆಗೆ ಐದು ಸ್ಟಾರ್ ಕೊಟ್ಟಿದೆ. ‘ಎರಡೂ ಒಂದೇ ಕಾರು ಸಾರ್’ ಅಂತ ಅದನ್ನ ಸ್ವಿಫ್ಟ್‌ಗೆ ಅಂಟಿಸೋರು ಇದ್ದಾರೆ. ಸ್ಟಾರ್ ಸಿಗೋದು ಡಿಕ್ಕಿ ಹೊಡೆಸಿ ನೋಡಿದ ಕಾರಿಗೆ ಮಾತ್ರ. 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು. ಅದನ್ನ ಕಡ್ಡಾಯ ಮಾಡಿ ಅಂತ ಕೇಳೋ ಹಕ್ಕು ನಮಗಿದೆ.

ಹಿಂದಿನ ಸೀಟು

ಈಗ ನನ್ನ ತಲೆಯಲ್ಲಿ ಉಳಿದ ವಿಷಯಕ್ಕೆ ಬರ್ತೀನಿ. ಆರು ಏರ್‌ಬ್ಯಾಗ್ ಎಲ್ಲೆಲ್ಲಿವೆ ಅಂತ ಕೈಪಿಡಿ ತೆಗೆದು ನೋಡಿದೆ. ಮುಂದಿನ ಇಬ್ಬರ ಎದುರಿಗೆ ಎರಡು, ಅವರ ಪಕ್ಕೆಗೆ ಎರಡು, ಕಿಟಕಿಗಳ ಮೇಲಿಂದ ಪರದೆಯಂತೆ ಇಳಿಯೋ ಎರಡು. ಹಿಂದೆ ಕೂತವರಿಗೆ ಸಿಗೋದು ಆ ಪರದೆ ಮಾತ್ರ, ಅದೂ ಪಕ್ಕದಿಂದ ಪೆಟ್ಟು ಬಿದ್ದರೆ. ಎದುರಿನಿಂದ ಡಿಕ್ಕಿಯಾದಾಗ ಅವರನ್ನ ಹಿಡಿದಿಡೋದು ಬೆಲ್ಟ್ ಒಂದೇ.

ಮೊದಲ ಸಲ ಊರಿಗೆ ಹೋದಾಗ ಅಮ್ಮ, ಅಜ್ಜಿ ಹಿಂದೆ ಕೂತರು. ಅಕ್ಕ ಮೂರು ವರ್ಷದ ಮಗಳನ್ನ ತೊಡೆ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿಗೆ ಬಂದಳು. ನಾನೂ ಗಾಡಿ ಸ್ಟಾರ್ಟ್ ಮಾಡಿಬಿಟ್ಟೆ. ಗುಬ್ಬಿ ಹತ್ತಿರ ನಾಯಿಯೊಂದು ಅಡ್ಡ ಬಂತು, ಬ್ರೇಕ್ ಒತ್ತಿದೆ. ಅಜ್ಜಿ ಮುಂದಿನ ಸೀಟಿಗೆ ಹಣೆ ತಗುಲಿಸಿಕೊಂಡರು, ಪುಣ್ಯಕ್ಕೆ ಬರೀ ಬೋರೆ ಬಂತು. ಮಗು ಡ್ಯಾಶ್‌ಬೋರ್ಡ್‌ಗೆ ಎರಡು ಗೇಣು ದೂರದಲ್ಲಿತ್ತು. ಆಗ ಏರ್‌ಬ್ಯಾಗ್ ಬಿಚ್ಚಿಕೊಳ್ಳುವಂಥ ಡಿಕ್ಕಿ ಆಗಿದ್ದರೆ, ಅದರ ಹೊಡೆತ ಬೀಳುತ್ತಿದ್ದದ್ದು ಮಗುವಿಗೇ. ತಪ್ಪು ಪೂರ್ತಿ ನನ್ನದು. ಎಲ್ಲರಿಗೂ ಕಾರಿನ ಫೀಚರ್‌ಗಳ ಬಗ್ಗೆ ಭಾಷಣ ಬಿಗಿದವನು ನಾನು. ಹಿಂದೆ ತಿರುಗಿ ನೋಡಿರಲಿಲ್ಲ.

ಬೆಲ್ಟ್ ಕಟ್ಟಿ ಅಂದ್ರೆ ಅಪ್ಪನ ಉತ್ತರ: ‘ಹಿಂದೆ ಕೂತೋರಿಗೂ ಬೆಲ್ಟಾ? ಕೆಂಪು ಬಸ್ಸಲ್ಲಿ ಕಟ್ಕೊಂಡು ಕೂರ್ತೀವಾ?’ ಅಮ್ಮನಿಗೆ ಸೀರೆ ಸುಕ್ಕಾಗುತ್ತೆ ಅನ್ನೋ ಚಿಂತೆ. ಮಾತಾಡಿಸಿದ ಓನರ್‌ಗಳ ಮನೆಗಳಲ್ಲೂ ಇದೇ ಕಥೆ. ಒಬ್ಬರಂತೂ ಹಿಂದಿನ ಬೆಲ್ಟ್‌ನ ಬಕಲ್‌ಗಳನ್ನ ಸೀಟ್ ಕವರ್ ಕೆಳಗೆ ಮುಚ್ಚಿಸಿಬಿಟ್ಟಿದ್ದಾರೆ. ಕೇಂದ್ರ ಮೋಟಾರು ವಾಹನ ನಿಯಮ 138(3)ರ ಪ್ರಕಾರ ಹಿಂದಿನವರಿಗೂ ಬೆಲ್ಟ್ ಕಡ್ಡಾಯ. 2022ರಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಜನ. ಅದರಲ್ಲಿ 8,331 ಮಂದಿ ಪ್ರಯಾಣಿಕರು, ಹೆಚ್ಚುಕಮ್ಮಿ ಅರ್ಧ. ಮನೆಗಳಲ್ಲಿ ಹಿಂದೆ ಕೂರೋರು ಯಾರು ಅಂತ ಯೋಚಿಸಿ: ಹೆಂಗಸರು, ವಯಸ್ಸಾದವರು, ಮಕ್ಕಳು.

ಕಾರು ಬಂದ ಮೊದಲ ದಿನವೇ ಮಾಡಬೇಕಾದ್ದು

ಸೀಟ್ ಕವರ್ ಹಾಕಿಸುವಾಗ ಹಿಂದಿನ ಮೂರೂ ಬಕಲ್ ಹೊರಗಿರಲಿ. ಮುಂದಿನ ಸೀಟಿನ ಪಕ್ಕದಲ್ಲೂ ಏರ್‌ಬ್ಯಾಗ್ ಇರೋದರಿಂದ ಅದನ್ನ ಮುಚ್ಚೋ ಕವರ್ ಬೇಡ. ಮಗು ಇದ್ದರೆ ಹಿಂದಿನ ಸೀಟಿನ ಐಸೋಫಿಕ್ಸ್ ಕೊಂಡಿಗೆ ಮಕ್ಕಳ ಸೀಟು ಹಾಕಿಸಿ. ಅಲಾಯ್ ವೀಲ್‌ಗಿಂತ ಮೊದಲು ಅದಕ್ಕೆ ದುಡ್ಡಿಡಿ. ಚೀಲ, ಸಿಲಿಂಡರ್ ಏನೇ ಇದ್ದರೂ ಡಿಕ್ಕಿಯಲ್ಲಿರಲಿ, ಸೀಟಿನ ಮೇಲೆ ಬಿಡಿಯಾಗಿ ಇಡಬೇಡಿ.

ನಮ್ಮ ಮನೆಯಲ್ಲಿ ಈಗ ಎಲ್ಲರೂ ಬೆಲ್ಟ್ ಹಾಕದೆ ನಾನು ಗಾಡಿ ಎತ್ತಲ್ಲ. ಅಪ್ಪ ಗೊಣಗುತ್ತಾರೆ. ಅಜ್ಜಿಗೆ ಬಕಲ್ ಸಿಕ್ಕಿಸೋಕೆ ಬರಲ್ಲ, ಅಕ್ಕನ ಮಗಳು ತನ್ನ ಸೀಟಿನಿಂದಲೇ ಬಾಗಿ ಸಿಕ್ಕಿಸಿಕೊಡ್ತಾಳೆ. ಹೋದ ವಾರ ಎರಡನೇ ಚೀಲ ಕಾಯಿ ಹಿಂದೆ ಇಡೋಕೆ ಹೋದ ಅಪ್ಪ ಒಂದು ನಿಮಿಷ ನಿಂತು, ‘ಇದನ್ನ ಬಸ್ಸಿಗೆ ಹಾಕೋಣ ಬಿಡು’ ಅಂದ್ರು.