ಶಾಖಾನಗರದ ಮನೆ: ಕೃಷ್ಣಾ-ಘಟಪ್ರಭಾ ಸೀಮೆಯ ಒಂದು ವಾಸ್ತುವಿಚಾರ

ಮೂಲನಗರಕ್ಕೆ ಹೊರತಾಗಿ ಬೆಳೆದ ವಸತಿಗೆ ಅಮರಸಿಂಹನು ಶಾಖಾನಗರವೆಂಬ ಹೆಸರನ್ನು ಹೇಳಿರುವನು. ಕೊಂಬೆಯು ಬುಡವನ್ನು ಬಿಡದೆಯೇ ಬೆಳಕಿನ ಕಡೆಗೆ ಚಾಚುವಂತೆ, ಊರಿನ ಜನರು ಊರಿನ ನಂಟನ್ನು ಬಿಡದೆಯೇ ಅದರ ಹೊರಗೆ ಮನೆ ಮಾಡುವರೆಂಬ ಅರ್ಥವು ಈ ಶಬ್ದದಲ್ಲಿ ಅಡಗಿದೆ. ಕನ್ನಡನಾಡಿನ ದೇವಾಲಯಗಳನ್ನೂ ಕೋಟೆಗಳನ್ನೂ ಕುರಿತು ವಿದ್ವಾಂಸರು ಬಹಳವಾಗಿ ಬರೆದಿದ್ದಾರೆ. ಆದರೆ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಊರ ಹೊರಗೆ ಎದ್ದ ವಾಸದ ಮನೆಯು ಇತಿಹಾಸಕ್ಕೆ ಸಾಮಗ್ರಿಯಾಗಬಲ್ಲುದೇ, ಆಗುವುದಾದರೆ ಅದರ ಬೆಲೆಯನ್ನು ಯಾವ ಮಾನದಿಂದ ಅಳೆಯತಕ್ಕದ್ದು ಎಂಬ ಪ್ರಶ್ನೆಯು ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯು ಈ ವಿಚಾರಕ್ಕೆ ತಕ್ಕ ಕ್ಷೇತ್ರವಾಗಿದೆ.

ಹೊಸ ಮನೆಯನ್ನು ತಿಳಿಯಬೇಕಾದರೆ ಹಳೆಯದನ್ನು ಮೊದಲು ನೋಡಬೇಕು. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಈ ಸೀಮೆಯಲ್ಲಿ ಪ್ರಾಚೀನ ವಾಡಿಕೆಯ ಮನೆಯೆಂದರೆ ಮಾಳಿಗೆಯ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ. ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮೇಲುಮಣ್ಣು. ಬೀದಿಯ ಕಡೆಗೆ ಕಿಟಕಿಗಳು ವಿರಳ. ಬೆಳಕು ಇಳಿಯುವುದು ಮಾಳಿಗೆಯ ಬೆಳಕಿಂಡಿಯಿಂದ. ತಲಬಾಗಿಲನ್ನು ದಾಟಿದೊಡನೆ ದನಗಳ ಗೋದಲಿ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಒಳಗೆ ಅಡಿಗೆಮನೆ, ದೇವರ ಕೋಣೆ, ಕಾಳಿನ ಸಂಗ್ರಹ. ಮನುಷ್ಯರು, ದನಕರುಗಳು, ಧಾನ್ಯ ಎಲ್ಲವನ್ನೂ ಒಂದೇ ಮಾಳಿಗೆಯ ಕೆಳಗೆ ಕಾಪಾಡುವ ಈ ಕಟ್ಟಡವು ಕಳ್ಳಕಾಕರ ಭಯಕ್ಕೂ ಬಿಸಿಲಿಗೂ ಒಂದೇ ಉತ್ತರವಾಗಿತ್ತು. ಮನೆಗೆ ಮನೆ ಅಂಟಿಕೊಂಡು ಓಣಿಯಾದುದೂ ಈ ಕಾರಣದಿಂದಲೇ.

ಈ ವ್ಯವಸ್ಥೆಯನ್ನು ಕದಲಿಸಿದ ಕಾರಣಗಳಲ್ಲಿ ಪ್ಲೇಗು ಮುಖ್ಯವಾದುದು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ರೋಗವು ೧೮೯೮ರ ಹೊತ್ತಿಗೆ ಹುಬ್ಬಳ್ಳಿ, ಧಾರವಾಡ, ಬೆಂಗಳೂರುಗಳನ್ನು ಮುಟ್ಟಿತು. ರೋಗವು ಇಲಿಗಳ ಮೇಲಿನ ಚಿಗಟದಿಂದ ಹರಡುವುದೆಂಬ ಮಾತು ಶಾಸ್ತ್ರಜ್ಞರಲ್ಲಿ ನಿಶ್ಚಯವಾಗುವ ಮೊದಲೇ, ಇಲಿ ಬಿದ್ದ ಮನೆಯನ್ನು ಬಿಡಬೇಕೆಂಬುದನ್ನು ಜನರು ಅನುಭವದಿಂದ ಅರಿತಿದ್ದರು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ದಿನ ಕಳೆಯುವುದು ಕನ್ನಡನಾಡಿನಲ್ಲೆಲ್ಲ ವಾಡಿಕೆಯಾಯಿತು. ಧಾನ್ಯವನ್ನು ಒಳಗಿಟ್ಟು ಬೆಳಕನ್ನು ಹೊರಗಿಟ್ಟ ಮನೆಯೇ ಇಲಿಗೆ ಆಶ್ರಯವೆಂಬ ಅರಿವು ಬಂದಮೇಲೆ ಮನೆಯ ಆಕಾರವು ಮೊದಲಿನಂತೆ ಉಳಿಯುವುದು ಸಾಧ್ಯವಿರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ಈ ಬದಲಾವಣೆಯನ್ನು ಸರಕಾರವೇ ಕೈಗೆತ್ತಿಕೊಂಡಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಆ ಕಾಲದಲ್ಲಿ ನೇರವಾದ ಬೀದಿಗಳೊಡನೆ, ಅಳೆದು ಕೊಟ್ಟ ನಿವೇಶನಗಳೊಡನೆ, ಮನೆಗಳ ಹಿಂದೆ ಮಲಸಾಗಣೆಯ ಸಂದಿಗಳೊಡನೆ ಬೆಳೆದುವು. ಆದುದರಿಂದ ಅವುಗಳ ಚರಿತ್ರೆಯನ್ನು ಸರಕಾರದ ಕಾಗದಗಳಿಂದ ಬರೆಯಬಹುದು. ಕೃಷ್ಣಾ-ಘಟಪ್ರಭಾ ಸೀಮೆಯ ಸ್ಥಿತಿಯು ಹೀಗಲ್ಲ. ಜಮಖಂಡಿಯು ಪಟವರ್ಧನರದು, ಮುಧೋಳವು ಘೋರ್ಪಡೆಯವರದು, ರಬಕವಿಯು ಸಾಂಗ್ಲಿ ಸಂಸ್ಥಾನಕ್ಕೆ ಸೇರಿದುದು, ಬೀಳಗಿಯು ಇಂಗ್ಲಿಷರ ವಿಜಾಪುರ ಜಿಲ್ಲೆಯೊಳಗಿನದು. ಒಂದು ದಿನದ ದಾರಿಯೊಳಗೆ ನಾಲ್ಕು ಆಡಳಿತಗಳು, ನಾಲ್ಕು ದಫ್ತರಗಳು. ೧೯೪೮ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಲೀನವಾದುವು. ೧೯೫೬ರಲ್ಲಿ ಈ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿತು. ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಇಂತು ಕೈ ಬದಲಾದ ಸೀಮೆಯಲ್ಲಿ ಜನರು ಊರ ಹೊರಗೆ ಬಂದುದಕ್ಕೆ ಒಂದೇ ಕಡೆ ದೊರೆಯುವ ಲಿಖಿತ ವೃತ್ತಾಂತವನ್ನು ಎದುರುನೋಡುವಂತಿಲ್ಲ. ಇಲ್ಲಿ ಮನೆಯೇ ದಾಖಲೆ.

ಆ ದಾಖಲೆಯನ್ನು ಓದುವ ಬಗೆ ಯಾವುದು? ಜಮಖಂಡಿಯ ಅರಸರು ಊರ ಹೊರಗೆ ರಾಮತೀರ್ಥದ ಗುಡ್ಡದಲ್ಲಿ ಅರಮನೆ ಮಾಡಿಕೊಂಡರು. ಪ್ರಭುಗಳು ಹಿಡಿದ ದಾರಿಯನ್ನು ವಕೀಲರೂ ವರ್ತಕರೂ ಅನುಸರಿಸುವುದು ಲೋಕಸಹಜ. ಈ ಕಾಲದ ಹೊರವಲಯದ ಮನೆಗೆ ಸಾಮಾನ್ಯವಾಗಿ ಸುತ್ತಲೂ ಅಂಗಳ, ಮುಂದೆ ಮೊಗಸಾಲೆ, ಗೋಡೆಯಲ್ಲಿ ಕಬ್ಬಿಣದ ಸರಳಿನ ಕಿಟಕಿ, ಮೇಲೆ ಇಳಿಜಾರು ಹೆಂಚು. ಈ ಹೆಂಚಿನ ಕಾರಖಾನೆಯನ್ನು ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ೧೮೬೫ರಲ್ಲಿ ತೆರೆದಿದ್ದರು; ರೈಲು ಅದನ್ನು ಬಯಲುಸೀಮೆಗೂ ತಂದಿತು. ದನಗಳ ಕೊಟ್ಟಿಗೆಯು ಹಿತ್ತಿಲಿಗೆ ಸರಿಯಿತು. ಆದರೆ ಒಳಹೊಕ್ಕರೆ ಪಡಸಾಲೆಯೂ ನಡುಮನೆಯೂ ದೇವರ ಕೋಣೆಯೂ ಹಳೆಯ ಕ್ರಮದಲ್ಲಿಯೇ ಇರುವುವು. ಬಂಗಲೆಯೆಂಬ ಹೆಸರು ಬಂಗಾಳದಿಂದ ಬಂದರೂ ಅದರ ಮೊಗಸಾಲೆಯು ವಾಸ್ತುಗ್ರಂಥಗಳ ಅಲಿಂದಕ್ಕೆ ದೂರದ್ದಲ್ಲ. ಇದೇ ನಾಡನ್ನಾಳಿದ ಕಲ್ಯಾಣ ಚಾಲುಕ್ಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮಾನಸೋಲ್ಲಾಸದಲ್ಲಿ ಉಪಭೋಗಗಳನ್ನೆಣಿಸುವಾಗ ಗೃಹೋಪಭೋಗವನ್ನೇ ಮೊದಲಿಟ್ಟಿರುವನು. ಮನೆಯು ಸುಖದ ಮೊದಲ ಸ್ಥಾನವೆಂಬ ಆ ಭಾವನೆಯು ಹೊಸ ಮನೆಯಲ್ಲಿಯೂ ಮುಂದುವರಿದಿದೆ.

ರಬಕವಿ, ಬನಹಟ್ಟಿಗಳ ನೇಕಾರರ ಮನೆಯನ್ನು ಬೇರೆಯಾಗಿ ಎಣಿಸಬೇಕು. ಅಲ್ಲಿ ಮನೆಯೇ ಕಾರ್ಯಶಾಲೆ. ಕುಣಿಮಗ್ಗಕ್ಕೆ ನೆಲವನ್ನು ಅಗೆಯಬೇಕು. ಎಳೆಯನ್ನು ಕಾಣಲು ಬೆಳಕು ಬೇಕು. ಹಾಸು ಹೂಡಲು ಉದ್ದನೆಯ ಜಾಗ ಬೇಕು. ವಕೀಲನ ಮನೆಯು ಗಾಳಿಬೆಳಕನ್ನು ಆರೋಗ್ಯಕ್ಕಾಗಿ ಬಯಸಿದರೆ ನೇಕಾರನ ಮನೆಯು ಅದನ್ನು ಅನ್ನಕ್ಕಾಗಿ ಬಯಸುವುದು. ಒಂದನ್ನು ಮಾತ್ರ ಪರಂಪರೆಯೆಂದು ಕರೆದು ಮತ್ತೊಂದನ್ನು ಬಿಡುವುದು ಚರಿತ್ರೆಯ ಅರ್ಧವನ್ನು ಅಳಿಸಿದಂತೆಯೇ ಸರಿ.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಈ ಮನೆಗಳು ಶುದ್ಧಶೈಲಿಯವಲ್ಲ, ಮಿಶ್ರವಾದುವು ಎಂಬುದು ಮೊದಲನೆಯದು. ಇದೇ ಜಿಲ್ಲೆಯ ಪಟ್ಟದಕಲ್ಲಿನಲ್ಲಿ ಎಂಟನೆಯ ಶತಮಾನದ ನಾಗರ, ದ್ರಾವಿಡ ಶಿಖರಗಳು ಒಂದರ ಪಕ್ಕದಲ್ಲೊಂದು ನಿಂತಿವೆ. ಪಾಪನಾಥ ದೇಗುಲದಲ್ಲಿ ಎರಡರ ಲಕ್ಷಣಗಳೂ ಕೂಡಿಕೊಂಡಿವೆ. ಅಲ್ಲಿ ಗುಣವೆನಿಸಿದ ಮಿಶ್ರಣವು ವಾಸದ ಮನೆಯಲ್ಲಿ ದೋಷವಾಗಲು ಕಾರಣವಿಲ್ಲ. ಇವು ಪ್ರಾಚೀನವಲ್ಲವೆಂಬುದು ಎರಡನೆಯದು. ಭಾರತ ಸರಕಾರದ ೧೯೫೮ರ ಪ್ರಾಚೀನ ಸ್ಮಾರಕಗಳ ಶಾಸನವು ನೂರು ವರ್ಷಗಳ ಗಡುವನ್ನು ಇಟ್ಟಿದೆ. ಶತಮಾನದ ಆದಿಯ ಮನೆಗಳು ಈಗ ಆ ಗಡುವನ್ನು ದಾಟಿವೆ, ಕೆಲವು ದಾಟುತ್ತಲಿವೆ. ಆದರೆ ವಯಸ್ಸು ಕಾನೂನಿನ ಹೊಸ್ತಿಲು ಮಾತ್ರ, ಬೆಲೆಯಲ್ಲ. ಜನರ ಬಾಳುವೆಯು ಒಂದು ರೀತಿಯಿಂದ ಮತ್ತೊಂದಕ್ಕೆ ಹೊರಳಿದ ಸಂಧಿಕಾಲವನ್ನು ಎಷ್ಟು ಸ್ಪಷ್ಟವಾಗಿ ತೋರುವುದೆಂಬುದೇ ಈ ಮನೆಗಳ ಬೆಲೆಯನ್ನು ಅಳೆಯುವ ಮಾನ.

ವಿಳಂಬಕ್ಕೆ ಆಸ್ಪದವಿಲ್ಲ. ಆಲಮಟ್ಟಿಯ ಜಲಾಶಯದಿಂದ ಹಳೆಯ ಬಾಗಲಕೋಟೆಯ ಬಹುಭಾಗವೂ ಬೀಳಗಿ ಸೀಮೆಯ ಹಲವು ಹಳ್ಳಿಗಳೂ ಮುಳುಗಿವೆ. ಆ ನೀರಿನ ಮಟ್ಟವನ್ನು ೫೧೯.೬೦ ಮೀಟರಿನಿಂದ ೫೨೪.೨೫೬ ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು ೨೦೧೦ರಲ್ಲಿ ಅನುಮತಿ ಇತ್ತಿದೆ. ಹೊಲಕ್ಕೆ ನೀರು ಬರುವುದು ಬೇಡವೆಂದು ಯಾರೂ ಹೇಳಲಾರರು. ನೀರು ಮುಟ್ಟದ ಕಡೆಯಲ್ಲಿಯೂ ಇಕ್ಕಟ್ಟಾದ ಕುಟುಂಬವು ಹಳೆಯ ಮನೆಯನ್ನು ಕೆಡವಿ ಕಾಂಕ್ರೀಟಿನ ಮನೆಯನ್ನು ಕಟ್ಟಿಕೊಂಡರೆ ಅದನ್ನು ಅಪರಾಧವೆನ್ನುವಂತಿಲ್ಲ. ಎಲ್ಲ ಮನೆಗಳನ್ನೂ ಉಳಿಸುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ.

ಆದರೆ ಅಳತೆಗೆ ಯಾರ ಅಡ್ಡಿಯೂ ಇಲ್ಲ. ಮನೆಯ ನಕ್ಷೆ, ಗೋಡೆಯ ದಪ್ಪ, ತೊಲೆಕಂಬಗಳ ಮರದ ಜಾತಿ, ಬಾಗಿಲಿನ ದಿಕ್ಕು, ಮೇಲುಮಣ್ಣಿನ ಹದ, ಕಟ್ಟಿದ ಬಡಿಗರ ಪರಿಭಾಷೆ, ಆ ಮನೆಯಲ್ಲಿ ಬಾಳಿದ ವೃದ್ಧರ ನೆನಪು ಇವಿಷ್ಟನ್ನು ಮನೆ ನಿಂತಿರುವಾಗಲೇ ಬರೆದಿಟ್ಟುಕೊಳ್ಳಬಹುದು. ಮಸುಕಾಗುತ್ತಿರುವ ಶಿಲಾಶಾಸನದ ಪಡಿಯಚ್ಚನ್ನು ವಿದ್ವಾಂಸರು ಎಷ್ಟು ಆತುರದಿಂದ ತೆಗೆದುಕೊಳ್ಳುವರೋ ಅಷ್ಟೇ ಆತುರವು ಇಲ್ಲಿಯೂ ಉಚಿತವಾದುದು. ಊರೂರಿನ ಪಾಠಶಾಲೆಗಳ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳೊಡನೆ ಒಂದೊಂದು ಓಣಿಯನ್ನು ಹಂಚಿಕೊಂಡರೆ, ನಾಲ್ಕು ದಫ್ತರಗಳಲ್ಲಿ ಚೆದುರಿಹೋದ ಈ ಸೀಮೆಯ ಗೃಹಚರಿತ್ರೆಯು ಒಂದೆಡೆ ಕೂಡಿಬರುವುದರಲ್ಲಿ ಸಂದೇಹವಿಲ್ಲ.